ಚಿತ್ರಬಂಧಗಳ ಮುದ್ರಣ: ಹೊರಗಡತದ ಆಕೃತಿಯನ್ನು ಗ್ರಂಥದೊಳಕ್ಕೆ ತರುವ ವಿಚಾರ

ಆಲಂಕಾರಿಕರ ಸಭೆಯಲ್ಲಿ ಚಿತ್ರಕಾವ್ಯಕ್ಕೆ ದೊರೆತ ಪೀಠವು ದೊಡ್ಡದಲ್ಲ. ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಗೋಮೂತ್ರಿಕೆ, ಅರ್ಧಭ್ರಮ, ಸರ್ವತೋಭದ್ರಗಳಿಗೆ ಲಕ್ಷಣವನ್ನು ಹೇಳಿದನು. ಮಮ್ಮಟನ ಕಾಲಕ್ಕೆ ಚಿತ್ರವೆಂಬುದು ವ್ಯಂಗ್ಯವಿಲ್ಲದ ಅವರಕಾವ್ಯದ ಹೆಸರಾಗಿ ನಿಂತಿತು. ಆ ತಾರತಮ್ಯದ ವಿಚಾರವು ಇಲ್ಲಿ ಪ್ರಕೃತವಲ್ಲ. ಕಿರಾತಾರ್ಜುನೀಯದ ಹದಿನೈದನೆಯ ಸರ್ಗವನ್ನೂ ಶಿಶುಪಾಲವಧದ ಹತ್ತೊಂಬತ್ತನೆಯ ಸರ್ಗವನ್ನೂ ಓದತಕ್ಕವರು ಇರುವವರೆಗೆ ಅವುಗಳನ್ನು ಶುದ್ಧವಾಗಿ ಅಚ್ಚುಹಾಕಿಸುವ ಹೊಣೆಯು ಸಂಪಾದಕನ ಮೇಲೆ ಇದ್ದೇ ಇರುವುದು. ಆ ಹೊಣೆಯಲ್ಲಿ ಒಂದು ಭಾಗವನ್ನು ನಾವು ಬಹುಕಾಲದಿಂದ ಪರರ ಕೈಗೆ ಒಪ್ಪಿಸಿ ಸುಮ್ಮನಿದ್ದೇವೆ. ಅದಾವುದೆಂದರೆ ಬಂಧದ ಆಕೃತಿ. ಪದ್ಯದ ಒಂದೊಂದು ಅಕ್ಷರಕ್ಕೂ ಪ್ರತಿಗಳನ್ನು ಹೋಲಿಸಿ ನೋಡುವ ಪಂಡಿತನು ಆಕೃತಿಯ ಅಕ್ಷರಗಳನ್ನು ಚಿತ್ರ ಬರೆಯುವವನಿಗೆ ಬಿಟ್ಟುಕೊಡುತ್ತಾನೆ.

ಬಂಧದ ಆಕೃತಿಯು ಗ್ರಂಥದ ಪಾಠವೋ, ಪಾಠಕ್ಕೆ ಹೊರಗಿನ ಅಲಂಕರಣವೋ ಎಂಬುದು ಮೊದಲು ನಿರ್ಣಯವಾಗಬೇಕಾದ ಪ್ರಶ್ನೆ. ಅದು ಪಾಠವೇ ಎಂಬುದು ನಮ್ಮ ಪಕ್ಷ. ಹಾಗಾದರೆ, ಈಗ ಗಣಕಯಂತ್ರದಲ್ಲಿ ಗ್ರಂಥವನ್ನು ಅಣಿಮಾಡುವಾಗ ಆಕೃತಿಯನ್ನು ಮುಗಿದ ಚಿತ್ರವನ್ನಾಗಿ ಅಂಟಿಸುವುದು ತರವಲ್ಲ. ಅದನ್ನು ರಚಿಸುವ ಸಂಕೇತಬರಹವನ್ನೇ ಬೇರೊಂದು ಕಡತದಲ್ಲಿಟ್ಟು, ಪದ್ಯಕ್ಕೂ ಆಕೃತಿಗೂ ಅಕ್ಷರಗಳು ಒಂದೇ ಮೂಲದಿಂದ ಬರುವಂತೆ ಗ್ರಂಥದೊಳಕ್ಕೆ ತರತಕ್ಕದ್ದು. ಇದರ ಕ್ರಮವನ್ನೂ ಇದರಲ್ಲಿರುವ ತೊಡಕುಗಳನ್ನೂ ಈ ಲೇಖನದಲ್ಲಿ ವಿಚಾರಿಸಬೇಕೆಂದಿದ್ದೇವೆ.

ಮಾತು ಗಾಳಿಯಲ್ಲಿ ಹೋಗದಿರಲೆಂದು ಒಂದು ಉದಾಹರಣೆಯನ್ನು ಮುಂದಿಡುವೆವು. ಪ್ರಾಚೀನರ ಪದ್ಯವನ್ನು ಎತ್ತಿಕೊಂಡರೆ ಚರ್ಚೆಯು ವ್ಯಾಖ್ಯಾನದ ಕಡೆಗೆ ತಿರುಗೀತು. ಆದುದರಿಂದ, ಉಡುಪಿಯ ಸೀಮೆಯಲ್ಲಿ ಕಡಲಿಗೂ ಹೊಳೆಗೂ ನಡುವೆ ಇರುವ ನಮ್ಮ ಮಟ್ಟುವಿನ ಹೆಸರನ್ನಿಟ್ಟು, ಕವಿತ್ವಕ್ಕಾಗಿ ಅಲ್ಲ, ಮಾದರಿಗಾಗಿ ಕಟ್ಟಿದ ಎರಡು ಸಾಲು:

ಮಟ್ಟುವಿನ ತಟದಲಿ
ಕಟ್ಟು ಮನ ಘಟದಲಿ

ಹೊಳೆಯ ತಟದಲ್ಲಿ ಕುಳಿತು ಮನಸ್ಸನ್ನು ಘಟವೆಂಬ ಈ ದೇಹದಲ್ಲಿಯೇ ಕಟ್ಟಿಹಾಕು ಎಂದಿಷ್ಟೇ ಅರ್ಥ. ಒಂದೊಂದು ಸಾಲಿಗೆ ಎಂಟು ಅಕ್ಷರ. ಎರಡನೆಯ, ನಾಲ್ಕನೆಯ, ಆರನೆಯ, ಎಂಟನೆಯ ಅಕ್ಷರಗಳು ಎರಡು ಸಾಲುಗಳಲ್ಲಿಯೂ ಒಂದೇ. ಮೇಲಿನ ಸಾಲಿನ ಒಂದನೆಯ ಅಕ್ಷರದಿಂದ ಕೆಳಸಾಲಿನ ಎರಡನೆಯದಕ್ಕೂ, ಅಲ್ಲಿಂದ ಮೇಲಿನ ಮೂರನೆಯದಕ್ಕೂ, ಹೀಗೆ ಎತ್ತು ನಡೆಯುತ್ತ ಬಿಟ್ಟ ಗೋಮೂತ್ರದ ಗೆರೆಯಂತೆ ವಕ್ರವಾಗಿ ಓದಿದರೂ ಮೇಲಿನ ಸಾಲೇ ದೊರೆಯುವುದು. ಕೆಳಗಿನಿಂದ ಹೊರಟರೆ ಕೆಳಸಾಲು ದೊರೆಯುವುದು. ಇದು ಗೋಮೂತ್ರಿಕೆ. ಸಮಾನವಾದ ಅಕ್ಷರಗಳನ್ನು ನಡುವೆ ಒಮ್ಮೆ ಮಾತ್ರ ಬರೆದರೆ ಆಕೃತಿಯು ಹೀಗಾಗುವುದು:

ಮ — ವಿ — ತ — ದ
ಟ್ಟು — ನ — ಟ — ಲಿ
ಕ — ಮ — ಘ — ದ

ಹದಿನಾರು ಅಕ್ಷರದ ಪದ್ಯವು ಹನ್ನೆರಡು ಮನೆಗಳಲ್ಲಿ ಅಡಗಿತು.

ಈ ಪದ್ಯದ ಒಂದು ಓಲೆಪ್ರತಿಯಲ್ಲಿ ‘ಮಟ್ಟುವಿನ ತಡಿಯಲಿ’ ಎಂದು ಪಾಠವಿದೆಯೆಂದು ಊಹಿಸೋಣ. ಲಿಪಿಕಾರನಿಗೆ ‘ತಡಿ’ ಎಂಬುದು ಮನೆಮಾತು. ಅವನ ಕೈ ತಾನಾಗಿಯೇ ಆ ಕಡೆಗೆ ಓಡುವುದು. ಸಂಪಾದಕನು ಯಾವ ಪಾಠವನ್ನು ಹಿಡಿಯಬೇಕು? ಅರ್ಥವನ್ನು ಕೇಳಿದರೆ ಎರಡೂ ಸರಿ. ಛಂದಸ್ಸನ್ನು ಕೇಳಿದರೆ ಎರಡು ಪಾಠಗಳಲ್ಲಿಯೂ ಸಾಲಿಗೆ ಒಂಬತ್ತೇ ಮಾತ್ರೆ. ಆದಿಪ್ರಾಸವು ಆ ಪದದವರೆಗೆ ಬರುವುದೇ ಇಲ್ಲ. ಕನ್ನಡದ ಜಾಯಮಾನವು ‘ತಡಿ’ಯನ್ನೇ ಮೆಚ್ಚೀತು. ಆದರೆ ಬಂಧವನ್ನು ಕೇಳಿರಿ: ಆರನೆಯ ಮನೆಯಲ್ಲಿ ‘ಡಿ’ ಕುಳಿತರೆ ಕೆಳಸಾಲನ್ನು ವಕ್ರವಾಗಿ ಓದುವಾಗ ‘ಘಟದಲಿ’ ಎಂಬುದು ‘ಘಡಿದಲಿ’ ಎಂದಾಗಿ ಅರ್ಥವೇ ಕೆಡುವುದು. ಬೇರಾವ ಸಾಕ್ಷಿಯೂ ತೀರಿಸಲಾರದ ವ್ಯಾಜ್ಯವನ್ನು ಆಕೃತಿಯೊಂದೇ ತೀರಿಸಿತು. ಇಂತಹ ಸಾಕ್ಷಿಯನ್ನು ಅಲಂಕರಣವೆಂದು ಕರೆಯುವುದು ಹೇಗೆ?

ಓಲೆಯ ಕಾಲದಲ್ಲಿ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಪದ್ಯವನ್ನು ಕೊರೆದ ಕಂಟವೇ ಆಕೃತಿಯನ್ನೂ ಕೊರೆಯಿತು. ಎರಡಕ್ಕೂ ಒಬ್ಬನೇ ಹೊಣೆಗಾರ. ಅಚ್ಚು ಬಂದ ಮೇಲೂ ನಮ್ಮ ಕರಾವಳಿಯಲ್ಲಿ ಸ್ವಲ್ಪ ಕಾಲ ಈ ಐಕ್ಯವು ಉಳಿದಿದ್ದಿತು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ 1841ರಲ್ಲಿ ಸ್ಥಾಪಿಸಿದ ಅಚ್ಚುಕೂಟವು ಕಲ್ಲಚ್ಚಿನದು. 1843ರಲ್ಲಿ ಮೋಗ್ಲಿಂಗನು ಹೊರಡಿಸಿದ ‘ಮಂಗಳೂರ ಸಮಾಚಾರ’ವೂ ಕಲ್ಲಚ್ಚಿನಲ್ಲಿಯೇ ಮೂಡಿತು. ಕಲ್ಲಿನ ಮೇಲೆ ಅಕ್ಷರಕ್ಕೂ ಗೆರೆಗೂ ಭೇದವಿಲ್ಲ. ಎರಡೂ ಮೇಣದ ಮಸಿಯ ಬರಹವೇ. ಮುಂದೆ ಮೊಳೆಯಚ್ಚು ಬಂದಿತು. ಅದರಿಂದಾದ ಉಪಕಾರವು ಅಷ್ಟಿಷ್ಟಲ್ಲ: ಕಿಟ್ಟೆಲರು ಸಂಪಾದಿಸಿದ ಶಬ್ದಮಣಿದರ್ಪಣ, ಛಂದೋಂಬುಧಿಗಳೂ, 1894ರ ಅವರ ಮಹಾನಿಘಂಟೂ ಅದರ ಫಲಗಳು. ಆದರೆ ಮೊಳೆಗಳು ನೇರವಾದ ಸಾಲಿನಲ್ಲಿ ನಿಲ್ಲತಕ್ಕವು. ಚಕ್ರ, ಪದ್ಮ, ನಾಗಗಳಂತೆ ಬಳುಕಲಾರವು. ಆದುದರಿಂದ ಆಕೃತಿಯು ಮರದ ಅಥವಾ ಸತುವಿನ ಬ್ಲಾಕಾಗಿ ಬೇರೆಯಾಯಿತು. ಚಿತ್ರಕಾರನು ಕಾಗದದ ಮೇಲೆ ಬರೆದುದನ್ನು ಛಾಯೆ ಹಿಡಿದು, ಸತುವಿನ ಮೇಲೆ ಆಮ್ಲದಿಂದ ಕೊರೆಯಿಸಿ, ಮೊಳೆಯ ಎತ್ತರಕ್ಕೆ ಸರಿಯಾದ ಮರದ ತುಂಡಿಗೆ ಹೊಡೆದು, ಸಾಲುಗಳ ನಡುವೆ ಕೂರಿಸಬೇಕು. ಇಲ್ಲಿಯೇ ಪದ್ಯವೂ ಆಕೃತಿಯೂ ದಾಯಾದಿಗಳಾದವು. ಕರಡಚ್ಚಿನಲ್ಲಿ ಸಂಪಾದಕನು ‘ತಡಿಯಲಿ’ಯನ್ನು ‘ತಟದಲಿ’ ಎಂದು ತಿದ್ದಿದರೆ ಮೊಳೆ ಜೋಡಿಸುವವನು ಎರಡು ಮೊಳೆಗಳನ್ನು ಕಿತ್ತು ಬೇರೆ ಎರಡನ್ನು ಇಡುವನು. ಬ್ಲಾಕಿನ ‘ಡಿ’ಯನ್ನು ಕೀಳುವವರಾರು? ಹೊಸ ಬ್ಲಾಕಿಗೆ ಹೊಸ ವೆಚ್ಚ. ಪದ್ಯದಲ್ಲಿ ಒಂದು ಪಾಠ, ಅದರ ಕೆಳಗಿನ ಬಂಧದಲ್ಲಿ ಮತ್ತೊಂದು ಪಾಠ ಇರುವ ಮುದ್ರಣಗಳು ಹುಟ್ಟಿದ್ದು ಹೀಗೆ.

ಗಣಕವು ಬಂದ ಮೇಲೆ ಈ ದೋಷವು ತೊಲಗಬೇಕಾಗಿದ್ದಿತು, ತೊಲಗಲಿಲ್ಲ. ಕನ್ನಡದ ಪುಸ್ತಕಗಳು ಬಹುಕಾಲ ಪೇಜ್‌ಮೇಕರಿನಲ್ಲಿ ಸಿದ್ಧವಾಗುತ್ತಿದ್ದವು. ಬಂಧದ ಆಕೃತಿಯನ್ನು ಕೋರೆಲ್‌ಡ್ರಾದಂತಹ ಬೇರೊಂದು ತಂತ್ರಾಂಶದಲ್ಲಿ ಬರೆದು ತಂದು ಅಂಟಿಸುತ್ತಿದ್ದರು. ಅಂಟಿಸಿದ ಚಿತ್ರವು ಸತುವಿನ ಬ್ಲಾಕಿನ ಪುನರ್ಜನ್ಮವಲ್ಲದೆ ಬೇರೆಯಲ್ಲ. ಮೇಲಾಗಿ ಅಂದಿನ ಕನ್ನಡ ಅಕ್ಷರವಿನ್ಯಾಸಗಳು ತಮ್ಮ ತಮ್ಮದೇ ಸಂಕೇತಗಳನ್ನು ಬಳಸುತ್ತಿದ್ದುದರಿಂದ, ಆ ವಿನ್ಯಾಸವು ಇಲ್ಲದ ಯಂತ್ರದಲ್ಲಿ ಕಡತವನ್ನು ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣುವವು. ಪೇಜ್‌ಮೇಕರಿನ ಏಳನೆಯ ಆವೃತ್ತಿಯು 2001ರಲ್ಲಿ ಬಂದುದೇ ಕೊನೆಯದು. ಓಲೆಯನ್ನು ಮುನ್ನೂರು ವರ್ಷದ ಮೇಲೂ ಓದುತ್ತೇವೆ; ಇಪ್ಪತ್ತೈದು ವರ್ಷದ ಹಿಂದಿನ ಕಡತವನ್ನು ತೆರೆಯಲು ತಿಣುಕುತ್ತೇವೆ.

ಈಗ ಉಪಾಯದ ವಿಚಾರ. ಅಮೆರಿಕದ ಗಣಿತಜ್ಞ ಡೊನಾಲ್ಡ್ ಕ್ನುತ್ ಎಂಬವರು ತಮ್ಮ ಗ್ರಂಥದ ಹೊಸ ಆವೃತ್ತಿಯ ಕರಡಚ್ಚಿನ ಅಂದಗೇಡಿತನವನ್ನು ಕಂಡು ಬೇಸತ್ತು, 1977ರಲ್ಲಿ ತಾವೇ ಒಂದು ಅಕ್ಷರಜೋಡಣೆಯ ತಂತ್ರಾಂಶವನ್ನು ರಚಿಸತೊಡಗಿದರು. ಅದರ ಹೆಸರು ಟೆಕ್. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟರು ಕಟ್ಟಿದ ಲೇಟೆಕ್ ಎಂಬುದು ಇಂದು ಹೆಚ್ಚು ಬಳಕೆಯಲ್ಲಿದೆ. ಇದರಲ್ಲಿ ಪುಟವನ್ನು ಕಣ್ಣಿನೆದುರು ಎಳೆದಾಡಿ ರೂಪಿಸುವುದಿಲ್ಲ. ಸರಳವಾದ ಅಕ್ಷರಕಡತದಲ್ಲಿ ಪಾಠವನ್ನೂ ‘ಇದು ಶೀರ್ಷಿಕೆ, ಇದು ಪದ್ಯ, ಇದು ಅಡಿಟಿಪ್ಪಣಿ’ ಎಂಬ ಆಜ್ಞೆಗಳನ್ನೂ ಬರೆದುಕೊಟ್ಟರೆ ಯಂತ್ರವು ಪುಟಗಳನ್ನು ಕಟ್ಟಿಕೊಡುವುದು. ಸೂತ್ರಗಳಿಂದ ರೂಪಸಿದ್ಧಿಯನ್ನು ಕಲಿತವರಿಗೆ ಈ ಪದ್ಧತಿಯು ಅಪರಿಚಿತವೆನಿಸದು. ಮೂಲದ ಟೆಕ್ಕು ಕನ್ನಡದ ಒತ್ತಕ್ಷರಗಳನ್ನು ತಾನಾಗಿ ಜೋಡಿಸಲಾರದು. ಜೊನಾಥನ್ ಕ್ಯೂ ಅವರು 2004ರಲ್ಲಿ ಹೊರತಂದ ಝೀಟೆಕ್ ಯೂನಿಕೋಡನ್ನೂ ಓಪನ್‌ಟೈಪ್ ಅಕ್ಷರವಿನ್ಯಾಸಗಳನ್ನೂ ನೇರವಾಗಿ ಬಲ್ಲುದರಿಂದ ಆ ಕೊರತೆ ನೀಗಿತು. ಇಂದು ಲುವಾಟೆಕ್ಕಿನ ಹೊಸ ರೂಪವೂ ಈ ಕೆಲಸವನ್ನು ಮಾಡುತ್ತದೆ.

ಟೆಕ್ಕಿಗೆ ಚಿತ್ರವೆಂದರೇನೆಂದು ತಿಳಿಯದು. ಅದು ಬಲ್ಲುದು ಅಕ್ಷರ, ಗೆರೆ, ಪೆಟ್ಟಿಗೆ, ಇಷ್ಟೇ. ಪ್ರತಿಯೊಂದು ವಸ್ತುವೂ ಅದಕ್ಕೆ ಇಷ್ಟು ಅಗಲ, ಇಷ್ಟು ಎತ್ತರ, ಇಷ್ಟು ಆಳವುಳ್ಳ ಒಂದು ಪೆಟ್ಟಿಗೆ. ಚಿತ್ರವನ್ನು ಹೊರಗಿನ ಕಡತದಿಂದ ತರುವುದಕ್ಕೆ ಎರಡು ಮಾರ್ಗಗಳಿರುವುವು. ‘ಇನ್‌ಕ್ಲೂಡ್‌ಗ್ರಾಫಿಕ್ಸ್’ ಎಂಬ ಆಜ್ಞೆಯು ಮುಗಿದ ಚಿತ್ರವನ್ನು, ಅಂದರೆ ಪಿಡಿಎಫ್ ಅಥವಾ ಛಾಯಾಚಿತ್ರದ ಕಡತವನ್ನು, ಮುಚ್ಚಿದ ಪೆಟ್ಟಿಗೆಯಾಗಿ ತಂದಿಡುವುದು. ಒಳಗೆ ಅಕ್ಷರವಿದೆಯೋ ಆನೆಯಿದೆಯೋ ಟೆಕ್ಕು ನೋಡುವುದಿಲ್ಲ. ‘ಇನ್‌ಪುಟ್’ ಎಂಬ ಆಜ್ಞೆಯಾದರೋ ಹೊರಗಡತದ ಸಂಕೇತಬರಹವನ್ನು, ಅದು ಈ ಸ್ಥಳದಲ್ಲಿಯೇ ಬರೆಯಲ್ಪಟ್ಟಿದ್ದಿತೋ ಎಂಬಂತೆ, ಸಾಲುಸಾಲಾಗಿ ಓದಿಸುವುದು. ವೈಯಾಕರಣರ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಅವ್ಯುತ್ಪನ್ನ ಪ್ರಾತಿಪದಿಕ: ಒಡೆದು ನೋಡುವಂತಿಲ್ಲ, ಇದ್ದಂತೆ ಸ್ವೀಕರಿಸಬೇಕು. ಎರಡನೆಯದು ವ್ಯುತ್ಪನ್ನ: ಪ್ರಕೃತಿಪ್ರತ್ಯಯಗಳು ನಮ್ಮ ಕಣ್ಣೆದುರಿಗೇ ಇರುವುವು. ಅಷ್ಟೇ ಅಲ್ಲದೆ ಹಿಂದಿನ ಸೂತ್ರದ ಪದಗಳು ಮುಂದಿನ ಸೂತ್ರಕ್ಕೆ ಅನುವೃತ್ತವಾಗುವಂತೆ, ಮುಖ್ಯಕಡತದಲ್ಲಿ ವಿಧಿಸಿದ ಅಕ್ಷರವಿನ್ಯಾಸ, ಗಾತ್ರ, ಸಂಜ್ಞೆಗಳೆಲ್ಲವೂ ಒಳತಂದ ಆಕೃತಿಗೂ ಅನ್ವಯಿಸುವುವು. ಮುಚ್ಚಿದ ಪೆಟ್ಟಿಗೆಗೆ ಈ ಅನುವೃತ್ತಿಯಿಲ್ಲ. ಗ್ರಂಥದ ಅಕ್ಷರವಿನ್ಯಾಸವನ್ನು ಬದಲಿಸಿದರೂ ಅದರೊಳಗಿನ ಅಕ್ಷರಗಳು ಹಳೆಯವೇ. ಅದನ್ನು ಅರ್ಧಕ್ಕೆ ಕುಗ್ಗಿಸಿದರೆ ಅಕ್ಷರವೂ ಗೆರೆಯೂ ಅರ್ಧಕ್ಕೆ ಕುಗ್ಗಿ ಓದಲು ಭೂತಗನ್ನಡಿ ಬೇಕಾಗುವುದು.

ಆಕೃತಿಯನ್ನು ಸಂಕೇತಬರಹದಲ್ಲಿ ಬರೆಯುವುದಕ್ಕೆ ಅನೇಕ ಭಾಷೆಗಳುಂಟು: ಮೆಟಾಪೋಸ್ಟ್, ಪಿಎಸ್‌ಟ್ರಿಕ್ಸ್, ಅಸಿಂಪ್ಟೋಟ್ ಮೊದಲಾದುವು. ಟಿಲ್ ಟಾಂಟೌ ಎಂಬ ಜರ್ಮನ್ ವಿದ್ವಾಂಸರ ಟಿಕ್ಝ್ ಎಂಬುದು ನಮ್ಮ ಪ್ರಯೋಜನಕ್ಕೆ ಎಲ್ಲಕ್ಕಿಂತ ಅನುಕೂಲ. ಏಕೆಂದರೆ ಅದು ಟೆಕ್ಕಿನೊಳಗೇ ನಡೆಯುವುದರಿಂದ ಅಕ್ಷರಗಳು ಗ್ರಂಥದ ಅಕ್ಷರಗಳೇ ಆಗಿರುವುವು. ‘ಟಿಕ್ಝ್ ಎಂಬುದು ಚಿತ್ರ ಬಿಡಿಸುವ ತಂತ್ರಾಂಶವಲ್ಲ’ ಎಂಬ ಜರ್ಮನ್ ವಾಕ್ಯದ ಮೊದಲಕ್ಷರಗಳಿಂದ ಆ ಹೆಸರು ಹುಟ್ಟಿದೆಯಂತೆ. ಬಂಧಗಳನ್ನು ಚಿತ್ರವಲ್ಲವೆಂದು ವಾದಿಸುವ ನಮಗೆ ಇದು ಶುಭಶಕುನ.

ನಾವು ಸೂಚಿಸುವ ವ್ಯವಸ್ಥೆಯಲ್ಲಿ ಒಂದು ಬಂಧಕ್ಕೆ ಎರಡು ಹೊರಗಡತಗಳು. ಒಂದರಲ್ಲಿ ಅಕ್ಷರಗಳು ಮಾತ್ರ: ‘ಮ, ಟ್ಟು, ವಿ, ನ’ ಎಂದು ಅಲ್ಪವಿರಾಮದಿಂದ ಬೇರ್ಪಡಿಸಿದ ಮನೆಗಳು. ಪದಗಳು ಮುಗಿಯುವೆಡೆಯಲ್ಲಿ ಒಂದು ಓರೆಗೆರೆ. ಮತ್ತೊಂದರಲ್ಲಿ ಆಕೃತಿಯ ವಿಧಿ: ಎಷ್ಟನೆಯ ಮನೆಯು ಎಲ್ಲಿ ಇರಬೇಕು, ಯಾವ ಮನೆಯಿಂದ ಯಾವುದಕ್ಕೆ ಗೆರೆ ಎಳೆಯಬೇಕು ಎಂಬಿಷ್ಟೇ. ಮುಖ್ಯಕಡತದಲ್ಲಿ ಪದ್ಯವನ್ನು ಮುದ್ರಿಸುವ ಆಜ್ಞೆಯು ಮೊದಲ ಕಡತವನ್ನು ಓದಿ ಅಲ್ಪವಿರಾಮಗಳನ್ನು ನುಂಗಿ ಓರೆಗೆರೆಗೆ ತೆರಪನ್ನಿಡುವುದು. ಆಕೃತಿಯ ಆಜ್ಞೆಯು ಅದೇ ಕಡತವನ್ನು ಓದಿ ಓರೆಗೆರೆಯನ್ನು ಉಪೇಕ್ಷಿಸಿ ಒಂದೊಂದು ಅಕ್ಷರವನ್ನು ಅದರ ಮನೆಯಲ್ಲಿಡುವುದು. ಆರನೆಯ ಅಕ್ಷರವನ್ನು ತಿದ್ದಬೇಕಾದರೆ ತಿದ್ದುವ ಸ್ಥಳ ಒಂದೇ. ಓಲೆಯ ಕಾಲದ ಐಕ್ಯವು ಹೀಗೆ ಮರಳಿ ದೊರೆಯುವುದು.

ಇನ್ನು ಪ್ರಯೋಗದಲ್ಲಿ ಎಡವುವ ಸ್ಥಳಗಳು. ಆಕೃತಿಯ ಕಡತವನ್ನು ಒಂಟಿಯಾಗಿ ಪರೀಕ್ಷಿಸಬೇಕಾದರೆ ಅದಕ್ಕೆ ತನ್ನದೇ ಆದ ಪೀಠಿಕೆ, ಅಂದರೆ ‘ಡಾಕ್ಯುಮೆಂಟ್‌ಕ್ಲಾಸ್’ ಎಂಬ ಆರಂಭದ ಆಜ್ಞೆಯೂ ಅದರ ಪರಿವಾರವೂ ಬೇಕು. ಅದೇ ಕಡತವನ್ನು ಗ್ರಂಥದೊಳಕ್ಕೆ ತಂದಾಗ ಎರಡನೆಯ ಪೀಠಿಕೆಯನ್ನು ಕಂಡು ಲೇಟೆಕ್ ಮುನಿಯುವುದು. ‘ಸ್ಟಾಂಡಲೋನ್’ ಎಂಬ ಪೊಟ್ಟಣವು ಈ ಜಗಳವನ್ನು ಬಿಡಿಸುತ್ತದೆ: ಒಂಟಿಯಾಗಿದ್ದಾಗ ಪೀಠಿಕೆಯನ್ನು ಮನ್ನಿಸಿ, ಒಳತಂದಾಗ ಅದನ್ನು ದಾಟಿ ಒಡಲನ್ನು ಮಾತ್ರ ಓದಿಸುವುದು. ಆದರೆ ದಾಟಿಹೋದ ಪೀಠಿಕೆಯಲ್ಲಿ ಕರೆದ ಸಾಮಗ್ರಿಯನ್ನು ಮುಖ್ಯಕಡತದ ಪೀಠಿಕೆಯಲ್ಲಿಯೂ ಕರೆದಿರಬೇಕು. ಕಡತದ ವಿಳಾಸದ ವಿಷಯದಲ್ಲಿಯೂ ಎಚ್ಚರ ಬೇಕು. ಆಕೃತಿಯ ಕಡತವು ‘ಬಂಧಗಳು’ ಎಂಬ ಉಪಕೋಶದಲ್ಲಿದ್ದು, ಪಕ್ಕದಲ್ಲಿರುವ ಅಕ್ಷರಕಡತವನ್ನು ಬರಿಯ ಹೆಸರಿನಿಂದ ಕರೆದರೆ, ಟೆಕ್ಕು ಅದನ್ನು ಹುಡುಕುವುದು ಮುಖ್ಯಕಡತವಿರುವ ಕೋಶದಲ್ಲಿಯೇ ಹೊರತು ಪಕ್ಕದಲ್ಲಲ್ಲ. ‘ಇಂಪೋರ್ಟ್’ ಎಂಬ ಪೊಟ್ಟಣವು ಇದಕ್ಕೆ ಪರಿಹಾರ. ಗಾತ್ರವನ್ನು ಹೊಂದಿಸುವಾಗ ‘ರಿಸೈಜ್‌ಬಾಕ್ಸ್’ ಎಂಬ ಆಜ್ಞೆಯನ್ನು ಹಿಡಿದರೆ ಅಕ್ಷರಗಳೂ ಹಿಗ್ಗಿ ಕುಗ್ಗುವುವು. ಟಿಕ್ಝಿನ ಸ್ವಂತದ ‘ಸ್ಕೇಲ್’ ಎಂಬ ಗುಣವಾದರೆ ಮನೆಗಳ ಅಂತರವನ್ನು ಮಾತ್ರ ಬದಲಿಸಿ ಅಕ್ಷರದ ಗಾತ್ರವನ್ನು ಮುಟ್ಟುವುದಿಲ್ಲ. ಪದ್ಯದಲ್ಲಿಯೂ ಬಂಧದಲ್ಲಿಯೂ ಅಕ್ಷರವು ಒಂದೇ ಗಾತ್ರದಲ್ಲಿರಬೇಕೆನ್ನುವವರು ಎರಡನೆಯದನ್ನೇ ಹಿಡಿಯತಕ್ಕದ್ದು.

ದೊಡ್ಡ ಬಂಧಗಳಲ್ಲಿ ಈ ಕ್ರಮದ ಗುಣವು ಸ್ಫುಟವಾಗುವುದು. ಮಾಘನ ಹತ್ತೊಂಬತ್ತನೆಯ ಸರ್ಗದ ಕೊನೆಯ ಚಕ್ರಬಂಧವನ್ನು ನೋಡಿರಿ. ವೃತ್ತವು ಶಾರ್ದೂಲವಿಕ್ರೀಡಿತ, ಪಾದಕ್ಕೆ 19 ಅಕ್ಷರ, ಒಟ್ಟು 76. ಮೊದಲ ಮೂರು ಪಾದಗಳು ಚಕ್ರದ ಮೂರು ವ್ಯಾಸಗಳ ಮೇಲೆ ನಿಲ್ಲುವುವು; ಮೂರರ ಹತ್ತನೆಯ ಅಕ್ಷರವೂ ಒಂದೇ ಆಗಿ ನಾಭಿಯಲ್ಲಿ ಕೂಡುವುದು. ನಾಲ್ಕನೆಯ ಪಾದವು ನೇಮಿಯನ್ನು ಸುತ್ತಿಬರುವುದು: ಅರಗಳ ತುದಿಯ ಆರು ಅಕ್ಷರಗಳು ಅದಕ್ಕೂ ಸಲ್ಲುವುವು, ಎರಡೆರಡು ಅರಗಳ ನಡುವೆ ಎರಡೆರಡು ಹೊಸ ಅಕ್ಷರಗಳು, ಹೊರಟ ಮನೆಗೇ ಮರಳಿ ಬಂದಾಗ 19 ತುಂಬುವುದು. ಎಣಿಸಿದರೆ ವ್ಯಾಸಗಳಲ್ಲಿ 55, ನೇಮಿಯಲ್ಲಿ ಹೊಸದಾಗಿ 12, ಒಟ್ಟು 67 ಮನೆಗಳು. ಒಳಗಿನ ಎರಡು ವಲಯಗಳಲ್ಲಿ ಆರಾರು ಅಕ್ಷರಗಳಾಗಿ ಕವಿಯ ಹೆಸರನ್ನೊಳಗೊಂಡ ಕಾವ್ಯನಿರ್ದೇಶವೂ ಕಾವ್ಯದ ಹೆಸರೂ ಹೊರಡುವುವು. ಚಿತ್ರಕಾರನಿಗೆ 67 ಅಕ್ಷರಗಳನ್ನು ವೃತ್ತದಲ್ಲಿ ಹೊಂದಿಸುವುದೆಂದರೆ ಒಂದು ದಿನದ ದುಡಿಮೆ. ಸಂಕೇತಬರಹದಲ್ಲಾದರೆ ಒಂದು ಮನೆಯ ಸ್ಥಾನವು ಕೋನ ಮತ್ತು ತ್ರಿಜ್ಯ ಎಂಬ ಎರಡೇ ಸಂಖ್ಯೆ: ಅರಗಳು 60 ಅಂಶಕ್ಕೊಂದು, ನೇಮಿಯ ಮನೆಗಳು 20 ಅಂಶಕ್ಕೊಂದು, ನಾಭಿಯಿಂದ ಹೊರಕ್ಕೆ ಒಂಬತ್ತು ವಲಯ. ಆವರ್ತನೆಯ ಎರಡು ಮೂರು ಸಾಲು ಬರೆದರೆ ಚಕ್ರವು ಸಿದ್ಧ. ಆ ವಿಧಿಯ ಕಡತವು ಒಮ್ಮೆ ಸಿದ್ಧವಾದರೆ ಇದೇ ಲಕ್ಷಣದ ಬೇರೆ ಕವಿಯ ಚಕ್ರಕ್ಕೂ ಸಾಕು. ಬದಲಾಗುವುದು ಅಕ್ಷರಕಡತ ಮಾತ್ರ.

ಕನ್ನಡ ಲಿಪಿಯಲ್ಲಿ ಕೆಲವು ವಿಶೇಷವಾದ ತೊಡಕುಗಳಿವೆ. ನಮಗೆ ‘ಟ್ಟು’ ಒಂದು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಅದು ಟಕಾರ, ವಿರಾಮಚಿಹ್ನೆ, ಮತ್ತೆ ಟಕಾರ, ಉಕಾರದ ಗುರುತು ಎಂಬ ನಾಲ್ಕು ಸಂಕೇತಗಳು. ಯಂತ್ರವು ತಾನೇ ಅಕ್ಷರಗಳನ್ನು ಬಿಡಿಸಲಿ ಎಂದು ಸುಮ್ಮನಿದ್ದರೆ ಒಂದು ಮನೆಯಲ್ಲಿ ‘ಟ್’, ಮುಂದಿನದರಲ್ಲಿ ‘ಟು’ ಕುಳಿತು ಬಂಧವು ಹಾಳಾದೀತು. ಮೇಲೆ ಹೇಳಿದ ಅಲ್ಪವಿರಾಮಗಳನ್ನು ಪಂಡಿತನು ತನ್ನ ಕೈಯಿಂದಲೇ ಇಡಬೇಕೆನ್ನುವುದು ಇದಕ್ಕಾಗಿ. ಒತ್ತಕ್ಷರವು ಸಾಲಿನ ಕೆಳಗೆ ಇಳಿಯುವುದರಿಂದ ‘ಷ್ಟ್ರೀ’ ಎಂಬಂತಹ ಅಕ್ಷರವು ಚಿಕ್ಕ ವಲಯದಲ್ಲಿ ಕೆಳಗಿನ ಮನೆಯ ತಲೆಯನ್ನು ತುಳಿಯುವುದು. ಎಲ್ಲ ಮನೆಗಳಿಗೂ ಅತ್ಯಂತ ಎತ್ತರದ ಅಕ್ಷರದ ಅಳತೆಯನ್ನೇ ಕೊಡುವುದು ಲೇಸು. ಇನ್ನು ಪದಚ್ಛೇದದ ವಿಷಯ. ಓದುವವರ ಸೌಕರ್ಯಕ್ಕಾಗಿ ಪದ್ಯವನ್ನು ‘ತತ್ ಕರ್ಮ’ ಎಂದು ಬಿಡಿಸಿ ಅಚ್ಚುಹಾಕುವವರುಂಟು. ಬಂಧವಾದರೋ ಸಂಹಿತೆಯನ್ನೇ ಕೇಳುವುದು: ತ, ತ್ಕ, ರ್ಮ ಎಂದು ಮೂರು ಮನೆ. ಆದುದರಿಂದ ಅಕ್ಷರಕಡತದಲ್ಲಿ ಸಂಹಿತಾಪಾಠವನ್ನೇ ಇಟ್ಟು, ಬಿಡಿಸಿದ ಪಾಠ ಬೇಕೆನ್ನುವವರು ಅದನ್ನು ಅನ್ವಯದಲ್ಲಿ ತೋರಿಸಲಿ.

ಯಮಕ, ಚಿತ್ರಗಳಲ್ಲಿ ಬ-ವ, ಡ-ಲ, ರ-ಲಗಳಿಗೆ ಭೇದವಿಲ್ಲವೆಂದೂ, ಅನುಸ್ವಾರವಿಸರ್ಗಗಳ ಇರವು ಇಲ್ಲದಿರವುಗಳಿಂದ ಬಂಧಕ್ಕೆ ಭಂಗವಿಲ್ಲವೆಂದೂ ಆಲಂಕಾರಿಕರ ಸಮಯವಿರುವುದಷ್ಟೆ. ಒಂದು ಸಾಲಿಗೆ ಬಕಾರವೂ ಇನ್ನೊಂದಕ್ಕೆ ವಕಾರವೂ ಬೇಕಾದ ಮನೆಯಲ್ಲಿ ಯಾವುದನ್ನು ಬರೆಯಬೇಕು? ಚಿತ್ರಕಾರನು ತನಗೆ ತೋರಿದ ಒಂದನ್ನು ಬರೆದುಬಿಡುವನು. ಸಂಕೇತಬರಹದಲ್ಲಿ ಆ ಮನೆಗೆ ಎರಡು ಅಕ್ಷರಗಳನ್ನೂ ಕೊಟ್ಟು, ಒಂದರ ಮಗ್ಗುಲಲ್ಲಿ ಇನ್ನೊಂದನ್ನು ಚಿಕ್ಕದಾಗಿ ತೋರಿಸಬಹುದು. ಕವಿಯು ಸಮಯವನ್ನು ಎಷ್ಟು ಸಲ ಆಶ್ರಯಿಸಿದನೆಂಬುದು ಒಂದೇ ನೋಟಕ್ಕೆ ಕಾಣುವುದು.

ಇಲ್ಲಿ ಒಂದು ಗಹನವಾದ ಶಂಕೆ ಏಳುತ್ತದೆ. ಯಂತ್ರವನ್ನು ಕಲಿಸುವವರು ಇದರ ಕಡೆಗೆ ಗಮನ ಕೊಡುವುದಿಲ್ಲ. ಸರ್ವತೋಭದ್ರವನ್ನು ತೆಗೆದುಕೊಳ್ಳಿರಿ. ಅನುಷ್ಟುಭಿನ 32 ಅಕ್ಷರಗಳನ್ನು ನಾಲ್ಕು ಸಾಲಾಗಿ ಬರೆದು, ಕೆಳಗೆ ಅವನ್ನೇ ವಿಲೋಮಕ್ರಮದಲ್ಲಿ ಮತ್ತೆ ಬರೆದರೆ ಎಂಟೆಂಟು ಮನೆಗಳ ಚೌಕವಾಗುವುದು. ಪ್ರತಿಪಾದವೂ ಹಿಂದುಮುಂದಾಗಿ ಓದಿದರೆ ಒಂದೇ. ಮೇಲಿನಿಂದ ಕೆಳಕ್ಕೆ ಓದಿದರೂ ಅದೇ ಪಾದಗಳು. ಆದುದರಿಂದ 64 ಮನೆಗಳಲ್ಲಿ ಸ್ವತಂತ್ರವಾದ ಅಕ್ಷರಗಳು ಹತ್ತೇ. ಚತುರನಾದ ವಿದ್ಯಾರ್ಥಿಯೊಬ್ಬನು ಹತ್ತು ಅಕ್ಷರಗಳನ್ನು ಮಾತ್ರ ಕಡತದಲ್ಲಿ ಬರೆದು, ಉಳಿದ 54 ಮನೆಗಳನ್ನು ವಿಧಿಯಿಂದ ತುಂಬಿಸಿ, ಲಾಘವವನ್ನು ಸಾಧಿಸಿದೆನೆಂದು ಹಿಗ್ಗಬಹುದು. ವೈಯಾಕರಣನಿಗೆ ಅರ್ಧಮಾತ್ರಾಲಾಘವವೂ ಉತ್ಸವವೇ. ಆದರೆ ಪಾಠಪರಿಷ್ಕರಣದಲ್ಲಿ ಈ ಲಾಘವವು ಅನರ್ಥಕಾರಿ. ವಿಧಿಯಿಂದ ತುಂಬಿದ ಚೌಕವು ಎಂದಿಗೂ ಪರಿಪೂರ್ಣವಾಗಿಯೇ ಇರುವುದು. ಪ್ರತಿಯಲ್ಲಿ ಲಿಪಿಕಾರನ ಸ್ಖಾಲಿತ್ಯವಿದ್ದರೂ, ಕವಿಯೇ ಒಂದು ಮನೆಯಲ್ಲಿ ಸೋತಿದ್ದರೂ, ಯಂತ್ರವು ಅದನ್ನು ಸದ್ದಿಲ್ಲದೆ ಸರಿಪಡಿಸಿ ಮುಚ್ಚಿಬಿಡುವುದು. ಆಗ ಆಕೃತಿಯು ಪ್ರತಿಯ ಸಾಕ್ಷಿಯಾಗಿ ಉಳಿಯದೆ ಲಕ್ಷಣದ ಪ್ರತಿಬಿಂಬ ಮಾತ್ರವಾಗುವುದು. ‘ತಟ-ತಡಿ’ಗಳ ವ್ಯಾಜ್ಯದಲ್ಲಿ ಆಕೃತಿಯು ತೀರ್ಪು ಕೊಟ್ಟುದು ಎರಡು ಸಾಲುಗಳನ್ನು ಬೇರೆ ಬೇರೆಯಾಗಿ ಬರೆದು ಹೋಲಿಸಿದುದರಿಂದಲೇ ಅಲ್ಲವೆ?

ಆದುದರಿಂದ ನಮ್ಮ ಸಿದ್ಧಾಂತವು ಇದು: ಅಕ್ಷರಕಡತದಲ್ಲಿ ಪ್ರತಿಯು ಕೊಟ್ಟಷ್ಟೂ ಅಕ್ಷರಗಳನ್ನು, ಗೋಮೂತ್ರಿಕೆಗೆ ಹದಿನಾರನ್ನೂ ಸರ್ವತೋಭದ್ರಕ್ಕೆ ಮೂವತ್ತೆರಡನ್ನೂ, ಇದ್ದಂತೆಯೇ ಬರೆಯಬೇಕು. ವಿಧಿಯನ್ನು ತುಂಬಿಸುವುದಕ್ಕಲ್ಲ, ಪರೀಕ್ಷಿಸುವುದಕ್ಕೆ ಉಪಯೋಗಿಸಬೇಕು. ಒಂದಾಗಿರಬೇಕಾದ ಎರಡು ಮನೆಗಳು ಒಂದಾಗದಿದ್ದರೆ ಕರಡಚ್ಚಿನಲ್ಲಿ ಆ ಮನೆಯು ಕೆಂಪಾಗಿ ಕಾಣಲಿ. ಅಕ್ಷರಗಳನ್ನು ಹೋಲಿಸಿ ಬಣ್ಣವನ್ನು ನಿರ್ಣಯಿಸುವ ಆಜ್ಞೆಯು ಟೆಕ್ಕಿನಲ್ಲಿ ಕಠಿಣವೇನಲ್ಲ. ಕೆಂಪಾದ ಮನೆಯ ಮುಂದೆ ಕುಳಿತು ಇದು ಲಿಪಿಕಾರನದೋ, ಕವಿಯದೋ, ಬ-ವಗಳ ಸಮಯಕ್ಕೆ ಸೇರಿದುದೋ ಎಂದು ನಿರ್ಣಯಿಸುವವನು ಸಂಪಾದಕನು; ತಿದ್ದಿದರೆ ಟಿಪ್ಪಣಿಯನ್ನು ಬರೆಯುವವನೂ ಅವನೇ. ಕುಮುದೇಂದುವಿನ ಹೆಸರಿನಲ್ಲಿರುವ ಸಿರಿಭೂವಲಯದ ಅಂಕಚಕ್ರಗಳಿಗೂ ಈ ನ್ಯಾಯವೇ ಸಲ್ಲುವುದು. ಅಲ್ಲಿ ಒಂದು ಚಕ್ರದಲ್ಲಿ 27ರ ವರ್ಗವಾದ 729 ಮನೆಗಳು. ಮನೆಗೆ 1ರಿಂದ 64ರವರೆಗಿನ ಒಂದು ಅಂಕ. ಅಂಕದ ಚೌಕವೂ ಅದಕ್ಕೆ ಸಂವಾದಿಯಾದ ಅಕ್ಷರದ ಚೌಕವೂ ಒಂದೇ ಅಂಕಕಡತದಿಂದ ಹೊರಟರೆ ಮಾತ್ರ ಆ ಗ್ರಂಥದ ಮೇಲಿನ ವಾದವಿವಾದಗಳನ್ನು ಓದುಗನು ಸ್ವತಃ ಪರೀಕ್ಷಿಸಬಲ್ಲನು.

ಒಳತರುವ ಕ್ರಮದಲ್ಲಿಯೂ ಒಂದು ಕಡೆ ಹಳೆಯ ಬ್ಲಾಕು ಹಿಂಬಾಗಿಲಿನಿಂದ ನುಸುಳುವುದುಂಟು. ಆಕೃತಿಗಳು ಹೆಚ್ಚಾದಂತೆ ಗ್ರಂಥವನ್ನು ಕಟ್ಟಲು ಯಂತ್ರಕ್ಕೆ ಹೊತ್ತು ಹಿಡಿಯುವುದರಿಂದ, ಒಮ್ಮೆ ರಚಿತವಾದ ಆಕೃತಿಗಳನ್ನು ಪಿಡಿಎಫ್ ಆಗಿ ಕೂಡಿಟ್ಟುಕೊಂಡು ಮುಂದಿನ ಸಲ ಅವನ್ನೇ ಅಂಟಿಸುವ ‘ಎಕ್ಸ್‌ಟರ್ನಲೈಸ್’ ಎಂಬ ಸೌಲಭ್ಯವು ಟಿಕ್ಝಿನಲ್ಲಿದೆ. ಆಕೃತಿಯ ಒಡಲು ಬದಲಾಗಿದೆಯೇ ಎಂದು ಅದು ಪರೀಕ್ಷಿಸುತ್ತದೆ. ಆದರೆ ಒಡಲಿನಲ್ಲಿ ಕರೆದ ಅಕ್ಷರಕಡತವು ಬದಲಾದುದನ್ನು ಅದು ಅರಿಯದು. ನಾವು ಅಕ್ಷರವನ್ನು ತಿದ್ದುವೆವು, ಪದ್ಯವು ತಿದ್ದಿಕೊಳ್ಳುವುದು, ಬಂಧದಲ್ಲಿ ‘ಡಿ’ಯು ಹಾಗೆಯೇ ಉಳಿಯುವುದು! ಕೊನೆಯ ಕರಡಿಗೆ ಮುನ್ನ ಕೂಡಿಟ್ಟ ಆಕೃತಿಗಳನ್ನೆಲ್ಲ ಅಳಿಸಿ ಹೊಸದಾಗಿ ರಚಿಸತಕ್ಕದ್ದು.

‘ಶಾಸ್ತ್ರಗಳನ್ನು ಓದಿದವನು ಈ ಇಳಿವಯಸ್ಸಿನಲ್ಲಿ ಯಂತ್ರದ ಭಾಷೆಯನ್ನು ಕಲಿಯಬೇಕೆ?’ ಎಂಬುದು ಪೂರ್ವಪಕ್ಷ. ಐವತ್ತು ದಾಟಿದ ಈ ಲೇಖಕನಿಗೆ ಆ ಆಕ್ಷೇಪದಲ್ಲಿ ಸಹಾನುಭೂತಿಯಿಲ್ಲದಿಲ್ಲ. ಕಡತಗಳನ್ನು ಬೇರ್ಪಡಿಸಿದುದರ ಪ್ರಯೋಜನವು ಇಲ್ಲಿಯೇ ಇರುವುದು. ವಿಧಿಯ ಕಡತವನ್ನು ಗಣಿತ ಬಲ್ಲ ತರುಣನು ಬರೆಯಲಿ. ಅಕ್ಷರಕಡತದಲ್ಲಿ ಯಂತ್ರದ ಭಾಷೆಯೇ ಇಲ್ಲ, ಇರುವುದು ಕನ್ನಡದ ಅಕ್ಷರಗಳೂ ಅಲ್ಪವಿರಾಮಗಳೂ ಮಾತ್ರ. ಅದನ್ನು ಪಂಡಿತನು ಓದಬಲ್ಲನು, ತಿದ್ದಬಲ್ಲನು, ತಿದ್ದಿದುದಕ್ಕೆ ಹೊಣೆಯಾಗಬಲ್ಲನು. ಅಚ್ಚುಕೂಟದವರು ಕೇಳುವುದು ಕೊನೆಯ ಪಿಡಿಎಫ್ ಒಂದನ್ನೇ ಎಂಬುದೂ ನಿಜ. ಅವರಿಗೆ ಅದನ್ನೇ ಕೊಡೋಣ. ಕಡತಗಳು ಸಂಪಾದಕನಲ್ಲಿಯೂ ಗ್ರಂಥಭಂಡಾರದಲ್ಲಿಯೂ ಉಳಿಯಲಿ.

ಹೀಗೆಂದಮಾತ್ರಕ್ಕೆ ಮುಚ್ಚಿದ ಪೆಟ್ಟಿಗೆಗೆ ಗ್ರಂಥದಲ್ಲಿ ಸ್ಥಾನವೇ ಇಲ್ಲವೆಂದಲ್ಲ. ಓಲೆಪ್ರತಿಯ ಛಾಯಾಚಿತ್ರವನ್ನು ‘ಇನ್‌ಕ್ಲೂಡ್‌ಗ್ರಾಫಿಕ್ಸ್’ ಮಾರ್ಗದಿಂದಲೇ ತರಬೇಕು. ಅದು ಪ್ರಮಾಣ, ಅದರಲ್ಲಿ ಕೈಯಾಡಿಸುವ ಅಧಿಕಾರವು ಯಾರಿಗೂ ಇಲ್ಲ. ಸಂಕೇತದಿಂದ ರಚಿಸಿದ ಆಕೃತಿಯು ಸಂಪಾದಕನ ನಿರ್ಣಯ. ಇವೆರಡನ್ನೂ ಎದುರುಬದುರು ಪುಟಗಳಲ್ಲಿ ಕೊಟ್ಟರೆ ಓದುಗನು ನಿರ್ಣಯವನ್ನು ಪ್ರಮಾಣದೊಡನೆ ಹೋಲಿಸಿಕೊಳ್ಳುವನು. ನಮ್ಮ ತುಳುನಾಡಿನ ಸಂಸ್ಕೃತ ಓಲೆಗಳಲ್ಲಿ ಬಹುಪಾಲು ತಿಗಳಾರಿ ಲಿಪಿಯವು. ಆ ಲಿಪಿಯನ್ನು ಗಣಕದಲ್ಲಿ ಬರೆಯುವುದಕ್ಕೆ ಬಹುಕಾಲ ಒಂದು ಪ್ರಮಾಣಸಂಕೇತವೇ ಇರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಹೊರಬಂದ ಯೂನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿಗೆ ಪ್ರತ್ಯೇಕವಾದ ಸ್ಥಾನವು ದೊರೆತಿದೆ. ಇನ್ನು ಮುಂದೆ ಓಲೆಯ ಬಂಧಕ್ಕೆ ಎರಡು ಅಕ್ಷರಕಡತಗಳನ್ನಿಡಬಹುದು: ಒಂದರಲ್ಲಿ ಪ್ರತಿಯ ಲಿಪಿಯಲ್ಲಿಯೇ, ಅಳಿಸಿದ ಮನೆಯನ್ನು ಖಾಲಿ ಬಿಟ್ಟು, ತಪ್ಪನ್ನು ತಪ್ಪಾಗಿಯೇ ಉಳಿಸಿ ಬರೆದ ಅಕ್ಷರಗಳು, ಮತ್ತೊಂದರಲ್ಲಿ ಪರಿಷ್ಕೃತವಾದ ಕನ್ನಡ ಅಕ್ಷರಗಳು. ವಿಧಿಯ ಕಡತವು ಎರಡಕ್ಕೂ ಒಂದೇ.